ಮಗುವಿನ ಹಾಗೆ ಕೇಳುವುದನ್ನು ನಾನು ಕಲಿತದ್ದು

ಮಗುವಿನಂಥ ನಂಬಿಕೆ ಅಂದರೆ ಹೇಳಿದ್ದಕ್ಕೆಲ್ಲ ತಲೆ ಆಡಿಸುವುದು ಅಂತ ತುಂಬ ಜನ ತಿಳಿಯುತ್ತಾರೆ. ಆದರೆ ಮಕ್ಕಳಷ್ಟು ಪ್ರಶ್ನೆ ಕೇಳುವವರು ಯಾರಿದ್ದಾರೆ ಹೇಳಿ? ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿದ್ದು, ಪರಲೋಕರಾಜ್ಯದಲ್ಲಿ ಯಾರು ಹೆಚ್ಚಿನವರು ಅಂತ ಶಿಷ್ಯರು ಕೇಳಿದಾಗ. ಮಗುವಿಗೆ ಈ ಹೆಚ್ಚು ಕಡಿಮೆಯ ಯೋಚನೆಯೇ ಇಲ್ಲ. ಬೇಕಾದ್ದನ್ನು ಕೇಳುವಾಗ ಅದು ತನ್ನ ಯೋಗ್ಯತೆ ಲೆಕ್ಕ ಹಾಕುವುದಿಲ್ಲ. ನನಗೆ ಬೇಕಿದ್ದದ್ದು ಅದು.

ನಾನು ಚಿಕ್ಕಮಗಳೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ದಿನವಿಡೀ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಸಂಡೇ ಸ್ಕೂಲಿನ ಅತಿ ಚಿಕ್ಕ ಮಕ್ಕಳ ಕ್ಲಾಸಿಗೆ ಟೀಚರ್ ಬೇಕಿದ್ದಾಗ ನಾನೇ ಹೋಗಿ ಅಯ್ನೋರನ್ನು, ಅಂದರೆ ನಮ್ಮ ಪಾಸ್ಟರನ್ನು, ಕೇಳಿಕೊಂಡೆ. ಕಲಿಸುವುದಕ್ಕಿಂತ ಜಾಸ್ತಿ, ಆ ಮಕ್ಕಳು ಪ್ರಾರ್ಥನೆ ಮಾಡುವುದನ್ನು ಕೇಳಬೇಕು ಅನ್ನುವ ಆಸೆ ಇತ್ತು.

ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬೀಳದಿದ್ದರೆ ರೊಬಸ್ಟಾ ಜಾತಿಯ ಕಾಫಿ ಗಿಡದ ಮೊಗ್ಗು ಒಣಗುತ್ತದೆ, ಬಿದ್ದರೂ ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ತೋಟದ ಮಕ್ಕಳಿಗೆ ಇದು ಹೇಳಿಕೊಡಬೇಕಾಗಿಲ್ಲ. ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು, ‘ಯೇಸಪ್ಪಾ, ಮಳೆ ಕೊಡು, ಗಿಡ ಒಣಗ್ತಿದೆ’ ಅಂದಳು. ಅಷ್ಟೇ, ಆಮೆನ್. ಮಳೆ ಬರಲಿಲ್ಲ. ಮುಂದಿನ ಭಾನುವಾರ, ‘ಹೋದ ವಾರನೂ ಕೇಳಿದ್ದೆ, ಇವತ್ತೂ ಕೇಳ್ತಿದ್ದೀನಿ’ ಅಂತ ಮತ್ತೆ ಶುರು ಮಾಡಿದಳು. ದನಿಯಲ್ಲಿ ಸ್ವಲ್ಪವೂ ಮುನಿಸಿರಲಿಲ್ಲ. ಮನೆಗೆ ಬಂದು ಲೂಕ 18 ತೆಗೆದೆ. ನ್ಯಾಯಾಧಿಪತಿಯನ್ನು ಬಿಡದೆ ಕಾಡುವ ವಿಧವೆಯ ಕಥೆಯೂ, ಮಕ್ಕಳನ್ನು ನನ್ನ ಬಳಿಗೆ ಬಿಡಿರಿ ಅನ್ನುವ ಮಾತೂ ಒಂದೇ ಅಧ್ಯಾಯದಲ್ಲಿವೆ!

ಆಮೇಲೆ ನಾನೂ ಹಾಗೇ ಕೇಳತೊಡಗಿದೆ. ಬೆಳಗ್ಗೆ ಹಾಜರಿ ತೆಗೆಯಲು ತೋಟದ ದಾರಿಯಲ್ಲಿ ನಡೆಯುವಾಗ ಬಾಯಿಬಿಟ್ಟು, ಮನೆಯಲ್ಲಿ ಆಡುವ ಮಾತಿನಲ್ಲೇ, ಆ ದಿನಕ್ಕೆ ನಿಜವಾಗಿ ಬೇಕಾದ ಒಂದೇ ಒಂದು ವಿಷಯ. ಬೇರೆಯವರ ಮುಂದೆ ಹೇಳಲು ತೀರಾ ಚಿಕ್ಕದು ಅನ್ನಿಸುವಂಥದ್ದನ್ನೇ ಮೊದಲು ಕೇಳುತ್ತೇನೆ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವಾಗ ಏನಾಯಿತು ಅಂತ ದೇವರಿಗೇ ಹೇಳುತ್ತೇನೆ. ಸಿಕ್ಕಿದರೆ ಸ್ತೋತ್ರ, ಸಿಗದಿದ್ದರೆ ನಾಳೆ ಮತ್ತೆ. ಬರಬರುತ್ತಾ ಪ್ರಾರ್ಥನೆಯ ಹೊತ್ತಿಗೆ ಕಾಯುವಂತಾಯಿತು.

ಉತ್ಸಾಹ ಮನಸ್ಸಿಗೆ ತಾನಾಗಿ ಬರಲಿ ಅಂತ ಕೂತರೆ ಬರುವುದಿಲ್ಲ. ಬೈಬಲಿನ ಬಾಲಕ ಸಮುವೇಲನನ್ನು ನೋಡಿ, ರಾತ್ರಿ ದೇವರು ಕರೆದಾಗ, ಕರೆದದ್ದು ಯಾರು ಅಂತ ತಿಳಿಯುವ ಮುಂಚೆಯೇ ಎದ್ದು ‘ಇಲ್ಲಿದ್ದೇನೆ’ ಅಂತ ಯಾಜಕ ಏಲಿಯ ಹತ್ತಿರ ಓಡಿದ. ಅದನ್ನು ಓದಿದ ಮೇಲೆ ಎಚ್ಚರ ಆದ ಕೂಡಲೇ ಎದ್ದು, ಫೋನ್ ಮುಟ್ಟದೆ, ‘ಇಲ್ಲಿದ್ದೇನೆ’ ಅನ್ನುವುದನ್ನು ರೂಢಿ ಮಾಡಿಕೊಂಡೆ. ಮೈ ಮೊದಲು ಏಳಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ಕೇಳಿದ್ದು ಸಿಗದೇ ಹೋದದ್ದೂ ಇದೆ. ಅಣ್ಣನಿಗೆ ಗುಣ ಮಾಡು ಅಂತ ಬೇಡಿದೆ, ಅವನು ಉಳಿಯಲಿಲ್ಲ. ಆ ದಿನಗಳಲ್ಲಿ 131ನೇ ಕೀರ್ತನೆ ಬಿಟ್ಟು ಬೇರೇನೂ ಓದಲಾಗಲಿಲ್ಲ. ಮೂರೇ ವಚನ, ನನ್ನ ಪ್ರಾಣ ಮೊಲೆ ಬಿಟ್ಟ ಕೂಸಿನ ಹಾಗೆ ಸುಮ್ಮನಿದೆ ಅನ್ನುತ್ತದೆ. ಮೊಲೆ ಬಿಟ್ಟ ಕೂಸಿಗೆ ಹಾಲು ಸಿಗುವುದಿಲ್ಲ, ಆದರೂ ಅದು ತಾಯಿಯ ಮಡಿಲಲ್ಲೇ ಇರುತ್ತದೆ ಅಲ್ವಾ? ಆಗ ಏನೂ ಕೇಳದೆ ಸುಮ್ನೆ ಕೂತಿರುತ್ತಿದ್ದೆ. ಅದನ್ನೂ ನಾನು ಪ್ರಾರ್ಥನೆ ಅಂತಲೇ ನಂಬುತ್ತೇನೆ.

ನಿಮಗೂ ಈ ಆಸೆ ಇದ್ದರೆ ಮಕ್ಕಳ ಮಧ್ಯೆ ಹೋಗಿ ಕೂತುಕೊಳ್ಳಿ. ಬೇಸಿಗೆ ರಜೆಯಲ್ಲಿ ತುಂಬ ಸಭೆಗಳಲ್ಲಿ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ನಡೆಯುತ್ತದೆ. ಚಾಪೆ ಹಾಸಲು, ಹಾಡು ಹೇಳಿಕೊಡಲು ದೊಡ್ಡವರು ಯಾವಾಗಲೂ ಬೇಕಾಗುತ್ತಾರೆ, ಈಗಲೇ ನಿಮ್ಮ ಅಯ್ನೋರಿಗೆ ಹೇಳಿಡಿ.