ಪೂರ್ವ ಆಫ್ರಿಕಾದಲ್ಲಿ ದೀರ್ಘಾವಧಿಯ ಸುವಾರ್ತಾ ಸೇವೆ: ಹೊರಡುವ ಮುನ್ನದ ಸಿದ್ಧತೆ

ಕೀನ್ಯಾ, ಉಗಾಂಡಾ, ರುವಾಂಡಾಗಳಲ್ಲಿ ವರ್ಷಗಟ್ಟಲೆ ಸೇವೆ ಮಾಡಬಯಸುವವರು ಮೊದಲು ತಮ್ಮ ಸಭಾಪಾಲಕರು ಮತ್ತು ಹಿರಿಯರೊಂದಿಗೆ ಕುಳಿತು ಪ್ರಾರ್ಥಿಸಿ, ಅಲ್ಲಿನ ಸಭೆಯಿಂದ ಲಿಖಿತ ಆಹ್ವಾನವನ್ನು ಪಡೆಯಬೇಕು. ಕರೆಯಿಲ್ಲದೆ ಹೋದ ಸೇವಕನು ಅಲ್ಲಿಯವರಿಗೆ ಹೊರೆಯಾಗುತ್ತಾನೆ.

ಈ ಮೂರೂ ದೇಶಗಳಿಗೆ ಒಟ್ಟಾಗಿ ದೊರೆಯುವ 90 ದಿನಗಳ ವೀಸಾ ಪ್ರವಾಸಿಗರಿಗೆ ಮೀಸಲಾದದ್ದು. ಅದನ್ನು ಹಿಡಿದು ಬೋಧನೆಗೆ ಇಳಿಯುವುದು ಕಾನೂನಿಗೂ ಸಾಕ್ಷಿಜೀವನಕ್ಕೂ ತಕ್ಕುದಲ್ಲ. ಕೀನ್ಯಾದಲ್ಲಿ ಧಾರ್ಮಿಕ ಹಾಗೂ ದತ್ತಿ ಕಾರ್ಯಗಳಿಗೆಂದೇ ‘ಐ’ ದರ್ಜೆಯ ಪರವಾನಗಿಯಿದ್ದು, ಉಳಿದೆರಡು ದೇಶಗಳ ನಿಯಮಗಳನ್ನು ಆಯಾ ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಹಳದಿ ಜ್ವರದ ಲಸಿಕೆಯನ್ನು ತಡಮಾಡಬಾರದು. ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಹಾಕುವ ಈ ಲಸಿಕೆಯ ಪ್ರಮಾಣಪತ್ರವು ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಕೈಗೆ ಬಂದ ಹಳದಿ ಪುಸ್ತಿಕೆಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು ಬಿದ್ದಿವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ. ಭಾರತಕ್ಕೆ ಮರಳುವಾಗಲೂ ಇದನ್ನು ಕೇಳುತ್ತಾರೆ. ಮಲೇರಿಯಾ ತಡೆಯುವ ಮಾತ್ರೆಗಳ ಬಗ್ಗೆ ವೈದ್ಯರ ಸಲಹೆ ಪಡೆಯಿರಿ.

ಭಾಷೆಗೆ ಕನಿಷ್ಠ ಕೆಲವು ತಿಂಗಳುಗಳನ್ನು ಮೀಸಲಿಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇಲ್ಲಿನ ಭಾಷೆಗಳನ್ನು ಶ್ರದ್ಧೆಯಿಂದ ಕಲಿತದ್ದನ್ನು ಬಲ್ಲ ನಾವು, ಸ್ವಾಹಿಲಿ ಮತ್ತು ಕಿನ್ಯಾರುವಾಂಡಾ ಭಾಷೆಗಳಿಗೆ ಅದೇ ಗೌರವವನ್ನು ಸಲ್ಲಿಸಬೇಕಾಗಿದೆ.

ಮಾಸಿಕ ಬೆಂಬಲ, ಆರೋಗ್ಯ ವಿಮೆ, ತುರ್ತಾಗಿ ಮರಳುವ ಟಿಕೆಟಿನ ಹಣ ಹಾಗೂ ಊರಿನಲ್ಲಿ ಉಳಿಯುವ ವೃದ್ಧ ತಂದೆತಾಯಿಯರ ಆರೈಕೆಯ ಹೊಣೆ ಯಾರದೆಂಬುದನ್ನು ಹೊರಡುವ ಮುನ್ನವೇ ಸಭೆಯೊಂದಿಗೆ ಬರಹದಲ್ಲಿ ಒಪ್ಪಿಕೊಳ್ಳಿ.