ನವಾಹೋ ಹುಡುಗಿ ಸ್ಕೂಲು, ಫೋನು, ಅಜ್ಜಿ ಮೂರನ್ನೂ ಸಂಭಾಳಿಸೋದು ಹೇಗೆ

ನವಾಹೋ ಅಂದ್ರೆ ಅಮೆರಿಕದ ಒಂದು ಮೂಲನಿವಾಸಿ ಬುಡಕಟ್ಟು. ನೀವು ಅಲ್ಲಿನ ಅರಿಜೋನಾ ರಾಜ್ಯದ ನವಾಹೋ ಸೀಮೆಯ ಹೈಸ್ಕೂಲ್ ಹುಡುಗಿ ಅಂದ್ಕೊಳ್ಳಿ. ಫಸ್ಟ್ ನಿಮ್ಮ ನಾಲ್ಕು ಕುಲ ಬಾಯಿಪಾಠ ಮಾಡಿ. ಅಮ್ಮಂದು, ಅಪ್ಪಂದು, ಅಮ್ಮನ ಅಪ್ಪಂದು, ಅಪ್ಪನ ಅಪ್ಪಂದು, ಇದೇ ಆರ್ಡರ್. ಅಮ್ಮನ ಕುಲಾನೇ ನಿಮ್ಮ ಕುಲ, ನಮ್ಮ ತುಳುನಾಡಲ್ಲಿ ಅಮ್ಮನ ಕಡೆಯಿಂದ ಬರೋ ‘ಬಳಿ’ ಅನ್ನೋ ಕುಲ ಇದ್ದಂಗೆ. ಭಾಷೆ ಪೂರ್ತಿ ಬರ್ದೇ ಇದ್ರೂ ಇಷ್ಟನ್ನಾದ್ರೂ ನವಾಹೋದಲ್ಲೇ ಹೇಳೋಕೆ ಕಲೀರಿ, ಭಾಷೆ ಕಲಿಸೋ ಡುವೋಲಿಂಗೋ ಆ್ಯಪಲ್ಲಿ 2018ರಿಂದ ನವಾಹೋ ಇದೆ, ಶುರು ಮಾಡೋಕೆ ಸಾಕು, ಆದ್ರೆ ಅಲ್ಲಿನ ಕ್ರಿಯಾಪದಗಳು ತಲೆ ತಿನ್ನುತ್ವೆ, ಅದಕ್ಕೆ ಅಜ್ಜಿ ಜೊತೆ ಕುರಿ ಹಿಂದೆ ಹೋಗೋದೇ ಬೆಸ್ಟು. ಕುಲ ಗೊತ್ತಿರೋದು ಬರೀ ಶಾಸ್ತ್ರಕ್ಕಲ್ಲ. ಬಾಸ್ಕೆಟ್‌ಬಾಲ್ ಮ್ಯಾಚಲ್ಲಿ ಯಾರೋ ಹುಡ್ಗ ಇಷ್ಟ ಆದ್ರೆ ಇನ್‌ಸ್ಟಾಗ್ರಾಂ ಐಡಿಗಿಂತ ಮುಂಚೆ ಕುಲ ಕೇಳ್ಬಿಡಿ, ಇಬ್ರದ್ದೂ ಒಂದೇ ಆದ್ರೆ ಅವ್ನು ನಿಮಗೆ ಅಣ್ಣನೋ ತಮ್ಮನೋ, ಅಲ್ಲಿಗೆ ಮುಗೀತು.

ಮೈನೆರೆದಾಗ ಕಿನಾಲ್ದಾ ಅಂತ ಮಾಡ್ತಾರೆ, ನಾಲ್ಕು ದಿನದ್ದು. ಬೆಳಗಿನ ಜಾವ ಪೂರ್ವಕ್ಕೆ ಓಡ್ಬೇಕು, ಪ್ರತಿ ಸಲ ಇನ್ನೂ ದೂರ, ಆಮೇಲೆ ಮೆಕ್ಕೆಜೋಳ ಬೀಸ್ಬೇಕು, ಕೊನೇ ರಾತ್ರಿ ನೆಲದಲ್ಲಿ ಗುಂಡಿ ತೋಡಿ ದೊಡ್ಡ ಮೆಕ್ಕೆಜೋಳದ ಕೇಕ್ ಬೇಯಿಸ್ತಾರೆ, ಬೆಳಗಾಗೋವರೆಗೂ ಹಾಡು, ನಿದ್ದೆ ಇಲ್ಲ. ಆ ಕೇಕನ್ನ ನೀವು ಎಲ್ರಿಗೂ ಹಂಚ್ಬೇಕು ಆದ್ರೆ ತಿನ್ನಂಗಿಲ್ಲ (ಇದು ನನಗಂತೂ ಭಾರೀ ಅನ್ಯಾಯ ಅನ್ಸುತ್ತೆ!). ಪರೀಕ್ಷೆ ಟೈಮಿಗೆ ಬರೋ ಹಂಗಿದ್ರೆ ಬೇಸಿಗೆ ರಜೆಗೆ ಇಟ್ಕೊಳ್ಳೋಣ್ವಾ ಅಂತ ಅಮ್ಮ ಅಜ್ಜಿ ಹತ್ರ ಮಾತಾಡಿ, ಟೀಚರ್‌ಗೂ ಮೊದಲೇ ಹೇಳಿಡಿ. ಹಾಡು ಪ್ರಾರ್ಥನೆ ರೆಕಾರ್ಡ್ ಮಾಡೋದು ಬೇಡವೇ ಬೇಡ, ಫೋಟೋ ಬೇಕಂದ್ರೂ ಹಿರಿಯರನ್ನ ಕೇಳಿ ತೆಗೀರಿ, ಕೇಳ್ದೇ ಸ್ಟೋರಿಗೆ ಹಾಕಿದ್ರೆ ಮನೇಲಿ ಮುಖ ಎತ್ತಂಗಿರಲ್ಲ.

ನರಿ ಥರದ ಕಯೋಟಿ ಕಥೆಗಳು, ಬೆರಳಿಗೆ ದಾರ ಸುತ್ತಿ ಆಕಾರ ಮಾಡೋ ಆಟ ಇವೆಲ್ಲ ಚಳಿಗಾಲಕ್ಕೆ ಮಾತ್ರ. ಜುಲೈನಲ್ಲಿ ಕ್ಲಾಸ್ ಪ್ರಾಜೆಕ್ಟ್ ಇದೆ ಕಥೆ ಹೇಳಿ ಅಂತ ಅಜ್ಜಿಗೆ ಗಂಟು ಬೀಳ್ಬೇಡಿ, ಮಂಜು ಬಿದ್ಮೇಲೆ ಕೇಳಿ.

ಇನ್ನೊಂದು, ಗಡಿಯಾರ. ಅರಿಜೋನಾದಲ್ಲಿ ಬೇಸಿಗೇಲಿ ಗಡಿಯಾರ ಮುಂದಕ್ಕೆ ತಿರುಗ್ಸಲ್ಲ, ನವಾಹೋ ನೇಷನ್‌ನಲ್ಲಿ, ಅಂದ್ರೆ ನವಾಹೋಗಳದ್ದೇ ಆಡಳಿತ ಇರೋ ಸೀಮೇಲಿ, ತಿರುಗಿಸ್ತಾರೆ, ಅದರ ಮಧ್ಯದಲ್ಲಿರೋ ಹೋಪಿ ಅನ್ನೋ ಇನ್ನೊಂದು ಬುಡಕಟ್ಟಿನ ಜನ ಮತ್ತೆ ತಿರುಗ್ಸಲ್ಲ. ಹಾಗಾಗಿ ನವಾಹೋ ನೇಷನ್ನಿನ ಊರಾದ, ಹೋಪಿ ಜಾಗಕ್ಕೆ ಅಂಟಿಕೊಂಡಿರೋ ಟ್ಯೂಬಾ ಸಿಟಿ ಕಡೆ ಓಡಾಡೋವಾಗ ಫೋನು ಯಾವ ಟವರ್ ಹಿಡೀತೋ ಆ ಟೈಮ್ ತೋರ್ಸಬಹುದು, ಆಟೊಮ್ಯಾಟಿಕ್ ಆಫ್ ಮಾಡಿ ನೀವೇ ಸೆಟ್ ಮಾಡ್ಕೊಳ್ಳಿ, ನವಾಹೋ ನೇಷನ್ ಹೊರಗಿರೋ ಅರಿಜೋನಾ ಊರು ಫ್ಲಾಗ್‌ಸ್ಟಾಫಲ್ಲಿ ಏನಾದ್ರೂ ಅಪಾಯಿಂಟ್‌ಮೆಂಟ್ ಇದ್ರೆ ಯಾರ ಟೈಮು ಅಂತ ಕೇಳ್ಕೊಂಡೇ ಹೊರಡಿ.