ಹದಿನೈದು ಚೀಲ ಪೊಟ್ಯಾಷ್ ಎಲ್ಲಿಗೆ ಹೋಗುತ್ತಿತ್ತು? ನನ್ನ ಅನುಭವ

2022ರಲ್ಲಿ ಪೊಟ್ಯಾಷ್ ಗೊಬ್ಬರದ ಚೀಲಕ್ಕೆ 1,700 ರೂಪಾಯಿ ಆಯ್ತಲ್ಲ, ಆ ವರ್ಷ ಬಿಲ್ಲು ಮುಂದಿಟ್ಟುಕೊಂಡು ಲೆಕ್ಕಕ್ಕೆ ಕೂತೆ. ನಮ್ಮದು ಮೂಡಿಗೆರೆ ಕಡೆ ಹದಿನಾಲ್ಕು ಎಕರೆ ಕಾಫಿ ತೋಟ. ಹತ್ತು ಅರೇಬಿಕಾ, ನಾಲ್ಕು ರೊಬಸ್ಟಾ. ವರ್ಷಕ್ಕೆ ಇಪ್ಪತ್ತು ಚೀಲ ಪೊಟ್ಯಾಷ್ ಹಾಕುತ್ತಿದ್ದೆವು. ಮಾವನವರ ಕಾಲದಿಂದ ಅದೇ ಲೆಕ್ಕ, ಯಾರೂ ಪ್ರಶ್ನೆ ಕೇಳಿರಲಿಲ್ಲ.

ತೋಟದ ಗೇಟು ದಾಟಿ ಹೋಗುವುದು ಏನು? ಅರವತ್ತು ಚೀಲದಷ್ಟು, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಬೀಜ ಅಂದರೆ ಪಾರ್ಚ್‌ಮೆಂಟ್, ಹೆಚ್ಚುಕಮ್ಮಿ ಅಷ್ಟೇ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು. ಅಷ್ಟರಲ್ಲಿರುವ ಪೊಟ್ಯಾಷ್ ಕೂಡಿಸಿ ನೋಡಿದೆ. ನಾಲ್ಕೈದು ಚೀಲದ ಮೇಲೆ ಹೋಗಲಿಲ್ಲ. ಒಳಗೆ ಬಂದದ್ದು ಇಪ್ಪತ್ತು, ಹೊರಗೆ ಹೋದದ್ದು ಐದು. ಉಳಿದ ಹದಿನೈದು ಎಲ್ಲಿ? ಸ್ವಲ್ಪ ಮರಕ್ಕೆ, ಗಿಡದ ಕಾಂಡಕ್ಕೆ ಸೇರಿರಬಹುದು. ಆದರೆ ಪ್ರತಿ ವರ್ಷ ಹದಿನೈದು?

ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ನಾಲ್ಕನೇ ವರ್ಷ. ಪೊಟ್ಯಾಷ್ ಒಂಬತ್ತು ಚೀಲಕ್ಕೆ ಇಳಿದಿದೆ, ಫಸಲು ಇಳಿದಿಲ್ಲ. ಹಾಳಾಗುತ್ತದೆ ಎಂದವರೆಲ್ಲ ಈಗ ತೋಟ ನೋಡಲು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಬಿದ್ದದ್ದು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ರಾಶಿ. ಹತ್ತು ಎಕರೆ ಅರೇಬಿಕಾ ಹಣ್ಣಿನಿಂದ ಆರು ಟನ್ ಆಸುಪಾಸು ಹಸಿ ಸಿಪ್ಪೆ ಬರುತ್ತದೆ. ಡಿಸೆಂಬರ್‌ನಿಂದ ಅದು ಬಯಲಲ್ಲೇ ಬಿದ್ದಿರುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ರಾಶಿಯ ಬುಡದಿಂದ ಕಪ್ಪು ನೀರು ವಾರಗಟ್ಟಲೆ ಹರಿಯುತ್ತಿತ್ತು. ನಮ್ಮ ಹಳ್ಳ ಹೇಮಾವತಿ ಸೇರುತ್ತದೆ. ಹೇಮಾವತಿ ಸಕಲೇಶಪುರ ದಾಟಿ ಗೊರೂರು ಡ್ಯಾಮಿಗೆ ಹೋಗುತ್ತದೆ. ನಾನು ದುಡ್ಡು ಕೊಟ್ಟು ತಂದ ಗೊಬ್ಬರ ಹಾಸನದ ಕೆಳಗಿನ ಗದ್ದೆಗಳಿಗೆ ಹೋಗುತ್ತಿತ್ತು. ಹಳ್ಳದ ಮೀನಿಗೂ ಒಳ್ಳೆಯದಾಗಲಿಲ್ಲ. ಸಿಪ್ಪೆಯ ನೀರು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ.

ಸಾರಜನಕ ಎಲೆ, ಸಿಪ್ಪೆ ಕೊಳೆತ ಮೇಲೆ ಬಿಡುಗಡೆ ಆಗಬೇಕು, ಅದಕ್ಕೆ ಹೊತ್ತು ಬೇಕು. ಪೊಟ್ಯಾಷ್ ಹಾಗಲ್ಲ. ಎಲೆ, ಸಿಪ್ಪೆ ಸತ್ತ ಕೂಡಲೇ ನೀರು ಬಿದ್ದರೆ ಸಾಕು, ತೊಳೆದುಕೊಂಡು ಹೋಗುತ್ತದೆ. ನೂರು ಇಂಚು ಮಳೆ ಬೀಳುವ ಊರಿನಲ್ಲಿ ರಾಶಿಯನ್ನು ಬಯಲಿಗೆ ಬಿಟ್ಟರೆ ಉಳಿಯುವುದು ಬರೀ ನಾರು.

ಹಾಗಂತ ಮೊದಲ ವರ್ಷ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ರಾಶಿ ಹಾಕುವುದೇ ಬೇಡ ಎಂದು ಹಸಿ ಸಿಪ್ಪೆಯನ್ನೇ ಗಿಡದ ಬುಡಕ್ಕೆ ಹೊರಿಸಿದೆ. ಜೊತೆಗೆ ನೆರಳಿನ ಮರ ಸಿಲ್ವರ್ ಓಕ್‌ನ ದರಗು ಅಂದರೆ ಉದುರಿದ ಒಣ ಎಲೆ, ಗರಗಸದ ಹೊಟ್ಟು ಬೆರೆಸಿ ಮಣ್ಣಿಗೆ ಕೊತ್ತಿಸಿದೆ. ನೊಣ ಎದ್ದಿತು, ವಾಸನೆಗೆ ಆಳುಗಳು ಆ ಬ್ಲಾಕಿಗೆ ಹೋಗಲು ಒಪ್ಪಲಿಲ್ಲ. ಮಳೆಗಾಲ ಬಂದಾಗ ಎರಡು ಎಕರೆ ಗಿಡ ಹಳದಿ ತಿರುಗಿತು. ಚಿಕ್ಕಮಾವ ಬಂದು ನೋಡಿ, "ಅಲ್ಲಮ್ಮಾ, ಇರೋ ತೋಟಾನ ಹಾಳು ಮಾಡ್ಕೋತೀಯಲ್ಲ. ಮೂಟೆ ಗೊಬ್ಬರ ಹಾಕು, ಸುಮ್ನೆ ಇರು" ಎಂದರು.

ಹಳದಿ ಆಗಿದ್ದು ಯಾಕೆ ಅಂತ ನಿಮಗೆ ಗೊತ್ತು. ಒಣ ಸೊಪ್ಪು, ಮರದ ಹೊಟ್ಟು ಜಾಸ್ತಿ ಆಗಿ, ಅದನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಂಡವು. ಗಿಡಕ್ಕೆ ಉಪವಾಸ. ಯೂರಿಯಾ ಸಿಂಪಡಿಸಿ ಗಿಡ ಉಳಿಸಿಕೊಂಡೆ, ಆದರೆ ಆ ಬ್ಲಾಕಿನ ಮುಂದಿನ ಫಸಲು ಅರ್ಧಕ್ಕೆ ಬಿತ್ತು. ಒಂದು ಲಕ್ಷದ ಮೇಲೆ ಪೆಟ್ಟು.

ಎರಡನೇ ವರ್ಷ ರಾಶಿ ಹಾಕಿದೆ, ಆದರೆ ಮಾಡಿನ ಕೆಳಗೆ. ಹಳೇ ಕಣದ ಒಂದು ಮೂಲೆಗೆ ಶೀಟು ಹೊದಿಸಲು ನಲವತ್ತೈದು ಸಾವಿರ ಆಯ್ತು. ಸಿಪ್ಪೆ ಒಂದು ಪದರ, ಮರಗಸಿಯಲ್ಲಿ (ನೆರಳಿನ ಮರ ಸವರಿದಾಗ) ಬಿದ್ದ ಸೊಪ್ಪು ಒಂದು ಪದರ, ಸಗಣಿ ಒಂದು ಪದರ. ಇಪ್ಪತ್ತು ದಿನಕ್ಕೊಮ್ಮೆ ಮಗುಚುವುದು. ನೀರಿಗೆ ಹಾಕಿದಾಗ ತೇಲುವ ಜೊಳ್ಳು ಹಣ್ಣು ಮಾತ್ರ ರಾಶಿಗೆ ಹಾಕಬೇಡಿ, ಕಾಯಿಕೊರಕ ಹುಳು ಅದರಲ್ಲೇ ಇರುತ್ತದೆ. ನಾನು ಕುದಿಯುವ ನೀರಿಗೆ ಅದ್ದಿ ಆಮೇಲೆ ಬೇರೆ ಒಣಗಿಸುತ್ತೇನೆ.

ಮೊದಲ ಪದರಕ್ಕೆ ನಾನು ಚಿಮುಕಿಸುವ ನೀರು ಒಂದಿದೆ. ಅದರಲ್ಲಿ ಏನು ಹಾಕುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಕಂಡುಕೊಳ್ಳಲು ಎರಡು ವರ್ಷ ಹಿಡಿದಿದೆ. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ನಾಲ್ಕನೇ ದಿನ ರಾಶಿಗೆ ಕೈ ಹಾಕಲು ಆಗಲಿಲ್ಲ. ಥರ್ಮಾಮೀಟರ್ ಚುಚ್ಚಿದರೆ ಅರವತ್ತೆರಡು ಅರವತ್ತಮೂರು ಡಿಗ್ರಿ. ನಮ್ಮ ಮೇಸ್ತ್ರಿ, "ಅಮ್ಮಾ, ಇದ್ರಲ್ಲೇ ಸ್ನಾನಕ್ಕೆ ನೀರು ಕಾಯಿಸ್ಬೋದಲ್ವಾ" ಎಂದ. ಆ ಮಾತು ನನಗೆ ಹಿಡಿಸಿತು. ನೂರು ಅಡಿ ಕಪ್ಪು ಪೈಪನ್ನು ಸುರುಳಿ ಮಾಡಿ ರಾಶಿಯ ಒಳಗೆ ಹೂತೆವು. ಮೂರು ವಾರ ಆಳುಗಳ ಲೈನಿನ ನಾಲ್ಕು ಮನೆಗೆ ಬೆಳಗ್ಗೆ ಬಿಸಿನೀರು ಸಿಕ್ಕಿತು. ಆಮೇಲೆ ರಾಶಿ ತಣ್ಣಗಾಯಿತು, ಮಗುಚಲು ಪೈಪು ಅಡ್ಡ ಬಂತು, ಬಿಟ್ಟೆವು. ಆದರೆ ಆ ಬಿಸಿಯಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಎಲೆ ಹಿಡಿದಿಟ್ಟ ಬಿಸಿಲು ಅದು. ಹುಳು, ಬೂಷ್ಟು, ಜೀವಾಣು ಒಂದೊಂದೂ ತಿಂದಾಗ ಒಂದಷ್ಟು ಶಾಖವಾಗಿ ಹೋಗಿಬಿಡುತ್ತದೆ, ಮತ್ತೆ ಹಿಡಿಯಲು ಬರುವುದಿಲ್ಲ. ಅದಕ್ಕೆ ಚಿಂತೆ ಬೇಡ, ನಾಳೆ ಸೂರ್ಯ ಮತ್ತೆ ಬರುತ್ತಾನೆ. ಪೊಟ್ಯಾಷ್, ರಂಜಕಕ್ಕೆ ಹಾಗೆ ದಿನಾ ಬರುವ ಸೂರ್ಯ ಇಲ್ಲ. ಇದ್ದದ್ದೇ ತೋಟದೊಳಗೆ ಸುತ್ತುತ್ತಿರಬೇಕು. ಇಲ್ಲದಿದ್ದರೆ ಅಂಗಡಿಗೆ ಹೋಗಬೇಕು.

ಆಹಾರ ಸರಪಳಿ ಅಂದರೆ ಹುಲ್ಲು, ಮಿಡತೆ, ಕಪ್ಪೆ, ಹಾವು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನೆರಳು ತೋಟದಲ್ಲಿ ಹಸಿರೆಲೆ ತಿನ್ನುವ ಹುಳುವಿನ ಬಾಯಿಗೆ ಹೋಗುವುದು ಸ್ವಲ್ಪ. ಬಹುಪಾಲು ಉದುರಿ ನೆಲಕ್ಕೇ ಬೀಳುತ್ತದೆ. ನಮ್ಮ ನಿಜವಾದ ಆಳುಗಳು ದರಗಿನ ಅಡಿಯಲ್ಲಿರುವ ಹುಳು, ಬೂಷ್ಟು, ಜೀವಾಣುಗಳೇ.

ಇದನ್ನು ನೋಡಲೆಂದೇ ಇನ್ನೊಂದು ಪರೀಕ್ಷೆ ಮಾಡಿದೆ. ಹಳೇ ನೈಲಾನ್ ಬಲೆಯಿಂದ ಚೀಲ ಹೊಲಿಸಿ, ಒಂದೊಂದರಲ್ಲಿ ಒಂದು ಕೆಜಿ ಒಣ ಎಲೆ ತುಂಬಿ ಗಿಡದ ಅಡಿ ಇಟ್ಟೆ. ಕೆಲವಕ್ಕೆ ಇನ್ನೊಂದು ನೆರಳಿನ ಮರವಾದ ಹಾಲುವಾಣ, ಕೆಲವಕ್ಕೆ ಸಿಲ್ವರ್ ಓಕ್, ಕೆಲವಕ್ಕೆ ಎರಡೂ ಬೆರಕೆ. ತಿಂಗಳಿಗೊಮ್ಮೆ ತೂಕ. ಹಾಲುವಾಣ ಮೂರು ತಿಂಗಳಲ್ಲಿ ನರ ಮಾತ್ರ ಉಳಿಸಿಕೊಂಡಿತು. ಸಿಲ್ವರ್ ಓಕ್ ಇಡೀ ಮಳೆಗಾಲ ಕಳೆದರೂ ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು. ಬೆರಕೆ ಚೀಲ ನಡುವೆ. ಬೆಲೆ ಸಿಗುತ್ತದೆ, ಮೆಣಸು ಹಬ್ಬಿಸಬಹುದು ಎಂದು ನಾವೆಲ್ಲ ಹಾಲುವಾಣ ಕಡಿದು ಸಿಲ್ವರ್ ಓಕ್ ನೆಟ್ಟೆವು. ಹಾಲುವಾಣ ಬೇರಿನಲ್ಲಿ ಸಾರಜನಕ ಹಿಡಿಯುತ್ತದೆ, ಎಲೆಯೂ ಬೇಗ ಮಣ್ಣಾಗುತ್ತದೆ. ನಾನು ಈಗ ಖಾಲಿ ಇರುವ ಕಡೆಯೆಲ್ಲ ಹಾಲುವಾಣದ ಗೂಟ ನೆಡಿಸುತ್ತಿದ್ದೇನೆ. ಅತ್ತಿ, ಬಸರಿ ಇದ್ದರೆ ದಯವಿಟ್ಟು ಕಡಿಯಬೇಡಿ. ಅವುಗಳ ಹಣ್ಣಿಗೆ ಬರುವ ಹಕ್ಕಿ, ಬಾವಲಿ ರಾತ್ರಿ ಹಗಲು ಗೊಬ್ಬರ ಹಾಕಿ ಹೋಗುತ್ತವೆ.

ಈಗ ದುಡ್ಡಿನ ಮಾತು. ರಾಶಿಯ ಗೊಬ್ಬರದಿಂದಲೇ ಪೊಟ್ಯಾಷ್ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಆರು ಟನ್ ಹಸಿ ಸಿಪ್ಪೆ ಒಣಗಿದರೆ ಒಂದು ಟನ್ ಚಿಲ್ಲರೆ. ಅದರ ಪೊಟ್ಯಾಷ್ ಒಂದೂವರೆ ಚೀಲಕ್ಕೆ ಸಮ. ರೊಬಸ್ಟಾ ಚೆರಿಯನ್ನು ಈಗ ಹಾಗೇ ಮಾರುವುದಿಲ್ಲ, ಹಲ್ಲಿಂಗ್ ಮಾಡಿಸಿ (ಒಣ ಸಿಪ್ಪೆ ಬಿಡಿಸಿ) ಹೊಟ್ಟು ವಾಪಸ್ ತರುತ್ತೇನೆ. ಅದರಿಂದ ಇನ್ನೊಂದು ಚೀಲ. ಲೈನಿನ ಒಲೆ ಬೂದಿ ಸ್ವಲ್ಪ. ಉಳಿದದ್ದೆಲ್ಲ ಹೊರಗೆ ಹೋಗುವುದನ್ನು ತಡೆದದ್ದರಿಂದ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಮಣ್ಣು ಕೊಟ್ಟಿದ್ದೆ. ಮೇಲಿನ ಬ್ಲಾಕಿನಲ್ಲಿ ಪೊಟ್ಯಾಷ್ ಬೇಕಾದ್ದಕ್ಕಿಂತ ಜಾಸ್ತಿ ಇತ್ತು, ಮಣ್ಣು ಹುಳಿಯಾಗಿತ್ತು. ಸುಣ್ಣ ಹಾಕಿದೆ. ಹುಳಿ ಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಂಡು ಕೂರುತ್ತದೆ, ಸುಣ್ಣ ಬಿದ್ದರೆ ಗಿಡಕ್ಕೆ ಸಿಗುತ್ತದೆ. ಮೇ ಕೊನೆಗೆ ಒಂದೇ ಸಲ ಸುರಿಯುತ್ತಿದ್ದ ಗೊಬ್ಬರವನ್ನು ಭಾಗ ಮಾಡಿ, ಅರ್ಧದಷ್ಟನ್ನು ಮಳೆ ಇಳಿದ ಮೇಲೆ ಕೊಟ್ಟೆ. ನಾಲ್ಕು ಗಿಡದ ನಡುವೆ ಹರಿಯುವ ನೀರು, ಮಣ್ಣು ನಿಲ್ಲಲು ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲುಗುಂಡಿ ತೆಗೆಸಿದೆ. ಮೊದಲು ತೆಗೆದ ಗುಂಡಿಗಳು ಗಿಡಕ್ಕೆ ಹತ್ತಿರವಾಗಿ ಬೇರು ಕಡಿದವು, ಎರಡನೇ ಸಲ ಸರಿಹೋಯಿತು. ಗುಂಡಿಯಲ್ಲಿ ನಿಂತ ಮಣ್ಣು, ದರಗನ್ನು ಮಾರ್ಚ್‌ನಲ್ಲಿ ಎತ್ತಿ ಬುಡಕ್ಕೆ ಹಾಕಿಸುತ್ತೇನೆ.

ಆಳಿನ ಖರ್ಚು ಮೂವತ್ತು ಸಾವಿರದ ಹತ್ತಿರ ಬರುತ್ತದೆ. ಉಳಿತಾಯ ಒಟ್ಟು ಐವತ್ತು ಸಾವಿರದಷ್ಟು. ಯೂರಿಯಾದಲ್ಲಿ ದುಡ್ಡು ಉಳಿಯುವುದಿಲ್ಲ, 45 ಕೆಜಿ ಚೀಲ 266 ರೂಪಾಯಿಗೇ ಸಿಗುತ್ತದೆ. ಉಳಿಯುವುದು ಪೊಟ್ಯಾಷ್, ಮಿಶ್ರ ಗೊಬ್ಬರವಾದ ಕಾಂಪ್ಲೆಕ್ಸ್‌ನಲ್ಲಿ. ಕೈಗೆ ಬರುವುದು ವರ್ಷಕ್ಕೆ ಇಪ್ಪತ್ತು ಸಾವಿರ, ಅದರಲ್ಲಿ ಶೀಟಿನ ದುಡ್ಡು ಈ ನಾಲ್ಕನೇ ವರ್ಷಕ್ಕೆ ತೀರಿತು. ಆದರೆ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಹದಿನೈದು ದಿನ ತಡವಾದಾಗ ಪಕ್ಕದ ತೋಟಗಳಲ್ಲಿ ಎಲೆ ಜೋತುಬಿದ್ದಿತ್ತು, ನನ್ನ ಗಿಡ ನಿಂತಿತ್ತು. ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಒಂಬತ್ತು ಚೀಲ ಇನ್ನೂ ಜಾಸ್ತಿ ಎಂದೇ ನನ್ನ ಲೆಕ್ಕ. ಕೆಳಗಿನ ಬ್ಲಾಕಿನ ಚರಂಡಿ ನೀರು ಜುಲೈನಲ್ಲಿ ಇನ್ನೂ ಟೀ ಬಣ್ಣದಲ್ಲೇ ಹಳ್ಳಕ್ಕೆ ಇಳಿಯುತ್ತಿದೆ. ಈ ಸಲ ಅದನ್ನು ತಡೆಯಲು ಅಲ್ಲಿ ಎರಡು ಸಾಲು ಲಾವಂಚದ ಹುಲ್ಲು ಹಾಕಿಸಿದ್ದೇನೆ, ಬೇರು ಹಿಡಿದಿದೆ.